ಕಣ್ಣಿನ ಆಪರೇಶನ್ ಆದಮೇಲೆ ಮತ್ತೆ ಅಖಾಡಕ್ಕೆ

ಕಣ್ಣಿನ ಆಪರೇಶನ್ ಮಾಡಿಸಿಕೊಂಡವರು ಡಾಕ್ಟರರ ಎದುರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ತಲೆಗೆ ಯಾವಾಗ ನೀರು ಹಾಕಿಕೊಳ್ಳಬೇಕು, ಖಾರ ತಿನ್ನಬಹುದೇ, ಟಿ.ವಿ. ನೋಡಬಹುದೇ, ಕಪ್ಪು ಚಷ್ಮಾ ಎಷ್ಟು ದಿನ ಹಾಕಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹರೆಯದ ಹುಡುಗನ ನಾಲಿಗೆಯ ತುದಿಯಲ್ಲಿ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ: ‘ಸರ, ಕುಸ್ತಿ ಹಿಡೀಬೌದೇನ್ರಿ?’ ಬಹಳ ಸಲ ಅದು ಹೊರಗೆ ಬರುವುದೇ ಇಲ್ಲ. ಕೇಳಿದರೆ ಬೇಡ ಅಂದಾರು ಎಂಬ ಅಂಜಿಕೆ. ಡಾಕ್ಟರರೂ ‘ಭಾರ ಎತ್ತಬೇಡ, ಧೂಳಿಗೆ ಹೋಗಬೇಡ’ ಎಂದು ಹೇಳಿ ಮುಂದಿನ ಪೇಶಂಟಿನ ಕಡೆ ತಿರುಗುತ್ತಾರೆ. ಹುಡುಗ ಹದಿನೈದು ದಿನ ಸುಮ್ಮನಿರುತ್ತಾನೆ, ಕಣ್ಣಿನ ಕೆಂಪು ಇಳಿದದ್ದು ಕನ್ನಡಿಯಲ್ಲಿ ಕಂಡ ಕೂಡಲೇ ಲಂಗೋಟಿ ಕಟ್ಟುತ್ತಾನೆ.

ಹಾಗೆ ಕೇಳದೆ ಉಳಿದ ಪ್ರಶ್ನೆಯ ಸುತ್ತ ಈಗ ತಿಳಿದಿರುವುದನ್ನೆಲ್ಲ ಒಂದು ಕಡೆ ತರುವುದು ಈ ಲೇಖನದ ಕೆಲಸ. ಮೈಗೆ ಮೈ ತಾಗುವ, ಚೆಂಡು ಬಡಿಯುವ, ಬಿದ್ದು ಏಳುವ ಆಟಗಳಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಮರಳಬಹುದೇ? ಎಲ್ಲರಿಗೂ ಒಪ್ಪುವ ಒಂದು ಉತ್ತರ ಇದಕ್ಕಿಲ್ಲ. ಯಾವ ಆಪರೇಶನ್, ಯಾವ ಆಟ, ಇನ್ನೊಂದು ಕಣ್ಣು ಹೇಗಿದೆ ಎಂಬ ಮೂರು ಸಂಗತಿಗಳನ್ನು ಕೂಡಿಸಿಯೇ ಪ್ರತಿಯೊಬ್ಬರ ಉತ್ತರ ಹುಟ್ಟಬೇಕು. ನನಗೆ ಮುಖ್ಯವಾಗಿ ಕಾಣುವ ಮಾತೆಂದರೆ, ಈ ಪ್ರಶ್ನೆ ಕೇಳಬೇಕಾದದ್ದು ಆಪರೇಶನ್ ಆದಮೇಲಲ್ಲ, ಆಗುವ ಮೊದಲೇ. ಏಕೆಂದರೆ ಹಲವು ಸಂದರ್ಭಗಳಲ್ಲಿ ಆಟ ಯಾವುದು ಎಂದು ಗೊತ್ತಿದ್ದರೆ ಆಪರೇಶನ್ನಿನ ವಿಧಾನವನ್ನೇ ಬೇರೆ ಆಯ್ದುಕೊಳ್ಳಲು ಬರುತ್ತದೆ.

ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳಲ್ಲಿ ಆಟಕ್ಕೂ ಜಾತ್ರೆಗೂ ಬಿಡದ ನಂಟು. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಸುಗ್ಗಿ ಮುಗಿದಮೇಲೆ ಊರೂರಿನ ದೇವರ ಜಾತ್ರೆಗಳು. ಜಂಗಿ ಕುಸ್ತಿ, ಗುಂಡುಕಲ್ಲು ಎತ್ತುವುದು, ಜೋಳದ ಚೀಲ ಎತ್ತುವುದು, ರಾತ್ರಿ ಲೈಟು ಹಾಕಿ ನಡೆಸುವ ಕಬಡ್ಡಿ, ಶಾಲೆಗಳಲ್ಲಿ ಖೋ ಖೋ, ಖಾಲಿ ಹೊಲದಲ್ಲಿ ಕ್ರಿಕೆಟ್. ಸೈಕ್ಲಿಂಗಿಗೆ ಜಿಲ್ಲೆ ಮೊದಲಿನಿಂದ ಹೆಸರಾದದ್ದು. ಇವೆಲ್ಲದರ ಜೊತೆಗೆ ಬೆಳಗಿನ ಜಾವ ಡಾಂಬರು ರಸ್ತೆಯಲ್ಲಿ ಓಡುವ, ಮಿಲಿಟರಿ ಮತ್ತು ಪೊಲೀಸ್ ಭರ್ತಿಯ ಕನಸಿನ ಹುಡುಗ ಹುಡುಗಿಯರು.

ಕಣ್ಣಿನ ಆಪರೇಶನ್ನಿನ ಚರಿತ್ರೆಯಲ್ಲೂ ಈ ಸೀಮೆಗೆ ದೊಡ್ಡ ಪಾಲಿದೆ. ಅಖಂಡ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಶನ್ ಮಾಡಿ ಗಿನ್ನೆಸ್ ದಾಖಲೆ ಸೇರಿದರು. ಆ ಶಿಬಿರಗಳಲ್ಲಿ ಸಾಲಾಗಿ ಮಲಗಿದ್ದವರು ಬಹುಪಾಲು ವಯಸ್ಸಾದವರು. ಬಗ್ಗಬೇಡಿ, ಕೆಮ್ಮಬೇಡಿ, ತಿಂಗಳೊಪ್ಪತ್ತು ಮನೆಯಲ್ಲೇ ಇರಿ ಎಂಬ ಸೂಚನೆಗಳು ಅವರಿಗಾಗಿ ಹುಟ್ಟಿದವು, ಅವರಿಗೆ ಸಾಕಾಗಿದ್ದವು. ಇಂದು ಆಪರೇಶನ್ ಟೇಬಲ್ಲಿನ ಮೇಲೆ ಇಪ್ಪತ್ತು ವರ್ಷದವರೂ ಮಲಗುತ್ತಿದ್ದಾರೆ. ಚಷ್ಮಾ ಬಿಡಿಸಿಕೊಳ್ಳುವ ಲೇಸರ್, ಆಟದಲ್ಲಿ ಪೆಟ್ಟು ಬಿದ್ದು ಬೆಳೆದ ಪೊರೆ, ಕಳಚಿಕೊಂಡ ರೆಟಿನಾ (ಕಣ್ಣಿನ ಹಿಂಬದಿಯ ಪರದೆ), ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕಸಿ ಹೀಗೆ. ಚಿಕಿತ್ಸೆ ಬದಲಾಯಿತು, ಮಲಗುವವರ ವಯಸ್ಸು ಬದಲಾಯಿತು. ಬಾಗಿಲಲ್ಲಿ ಹೇಳಿ ಕಳಿಸುವ ಮಾತು ಮಾತ್ರ ಅಜ್ಜ ಅಜ್ಜಿಯರ ಕಾಲದ್ದೇ ಉಳಿದಿದೆ.

ಗಾಯ ಮಾಯುವುದು ಬೇರೆ, ಮೊದಲಿನ ಬಲ ಬರುವುದು ಬೇರೆ. ಕಣ್ಣಿನ ಮಟ್ಟಿಗೆ ಈ ವ್ಯತ್ಯಾಸವೇ ಎಲ್ಲ. ಗಾಯ ಮಾಯುವುದಕ್ಕೆ ವಾರಗಳ ಲೆಕ್ಕವಿದೆ. ಬಲ ಎಷ್ಟು ಮರಳುತ್ತದೆ ಎಂಬುದಕ್ಕೆ ಕೆಲವು ಆಪರೇಶನ್ನುಗಳಲ್ಲಿ ಜೀವಮಾನದ ಲೆಕ್ಕ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಅದು ಚರ್ಮದ ಹಾಗೆ ಬೇಗ ಮತ್ತು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ಚೆನ್ನಾಗಿ ಕಾಣುತ್ತಿದೆ ಎಂದರೆ ಕಣ್ಣು ಪೆಟ್ಟು ತಡೆಯುವಷ್ಟು ಗಟ್ಟಿಯಾಗಿದೆ ಎಂದರ್ಥವಲ್ಲ.

ಹರೆಯದವರು ಹೆಚ್ಚು ಕೇಳುವ ಲೇಸರ್ ಆಪರೇಶನ್ನುಗಳಿಂದ ಶುರುಮಾಡೋಣ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಸುಮಾರು 100ರಿಂದ 120 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಪುಸ್ತಕದ ಹಾಳೆ ಮಗುಚಿದಂತೆ ಒಂದು ಬದಿಗೆ ಮಗುಚಿ, ಕೆಳಗಿನ ಭಾಗವನ್ನು ಲೇಸರಿನಿಂದ ತಿದ್ದಿ, ಮತ್ತೆ ಹಾಳೆಯನ್ನು ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಈ ಬೇಗನೆಯ ಸುಖವೇ ಆಟಗಾರನಿಗೆ ಅಪಾಯ ತರುವುದು. ಆ ಹಾಳೆಯ ಅಂಚು ಮಾತ್ರ ಒಂದಿಷ್ಟು ಗಟ್ಟಿಯಾಗಿ ಕೂಡುತ್ತದೆ, ಒಳಭಾಗ ಅಂಟಿಕೊಂಡಿರುತ್ತದೆ ಅಷ್ಟೆ. ಎದುರಾಳಿಯ ಬೆರಳು, ಉಗುರು, ಮೊಣಕೈ ಓರೆಯಾಗಿ ತಾಗಿದರೆ ಹಾಳೆ ಸರಿಯಬಹುದು, ಸುಕ್ಕಾಗಬಹುದು. ಆಪರೇಶನ್ ಆಗಿ ಹತ್ತು ವರ್ಷ ದಾಟಿದಮೇಲೂ ಪೆಟ್ಟು ಬಿದ್ದು ಹಾಳೆ ಸರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅವು ಅಪರೂಪ, ನಿಜ. ಆದರೆ ದಿನಾಲೂ ತಾಲೀಮಿನಲ್ಲಿ ಹಣೆಗೆ ಹಣೆ ಕೊಟ್ಟು ನಿಲ್ಲುವವನ ಲೆಕ್ಕ ಆಫೀಸಿನಲ್ಲಿ ಕೂಡುವವನ ಲೆಕ್ಕದ ಹಾಗಲ್ಲ.

ಕುಸ್ತಿ, ಕಬಡ್ಡಿ, ಜೂಡೋ, ಬಾಕ್ಸಿಂಗ್ ಆಡುವವರಿಗೆ ಹಾಳೆ ಎತ್ತದ ವಿಧಾನವೇ ಒಳ್ಳೆಯದು ಎಂದು ನೇತ್ರತಜ್ಞರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಪಿ.ಆರ್.ಕೆ. ಎಂಬುದು ಹಳೆಯ ವಿಧಾನ. ಮೇಲಿನ ತೆಳು ಪೊರೆಯನ್ನು ಸವರಿ ತೆಗೆದು ನೇರವಾಗಿ ಲೇಸರ್ ಹಾಯಿಸುತ್ತಾರೆ. ಮೂರ್ನಾಲ್ಕು ದಿನ ಕಣ್ಣಲ್ಲಿ ಮೆಣಸಿನಪುಡಿ ಬಿದ್ದಷ್ಟು ಉರಿ, ನೀರು. ಆ ಪೊರೆ ಒಂದು ವಾರದೊಳಗೆ ಮತ್ತೆ ಬೆಳೆಯುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಹಿಡಿಯುತ್ತವೆ. ಸರಿಯಲು ಅಲ್ಲಿ ಹಾಳೆಯೇ ಇರುವುದಿಲ್ಲ ಎಂಬುದು ಈ ಕಷ್ಟಕ್ಕೆ ಸಿಗುವ ಪ್ರತಿಫಲ. ಇದಾದವರು ಬಿಸಿಲಿಗೆ ಕಪ್ಪು ಚಷ್ಮಾ ತಪ್ಪಿಸಬಾರದು. ಬಿಸಿಲಿನ ನೇರಳಾತೀತ ಕಿರಣದಿಂದ ಕಾರ್ನಿಯಾ ಮಬ್ಬಾಗುವ ಸಂಭವ ಹೆಚ್ಚು, ನಮ್ಮ ಕಡೆಯ ಏಪ್ರಿಲ್ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಸ್ಮೈಲ್ ಎಂಬ ಹೊಸ ವಿಧಾನದಲ್ಲಿ 2ರಿಂದ 4 ಮಿ.ಮೀ.ನಷ್ಟು ಸಣ್ಣ ಸೀಳಿನಿಂದಲೇ ಒಳಗಿನ ತೆಳು ಬಿಲ್ಲೆಯನ್ನು ಎಳೆದು ತೆಗೆಯುತ್ತಾರೆ. ಅಲ್ಲೂ ಹಾಳೆಯಿಲ್ಲ, ಆದರೆ ಖರ್ಚು ಜಾಸ್ತಿ. ಮೂರೂ ವಿಧಾನಗಳಲ್ಲಿ ಕಾರ್ನಿಯಾ ತೆಳುವಾಗುವುದಂತೂ ಉಂಟು. ‘ನಾನು ಕುಸ್ತಿಪಟು’ ಎಂಬ ಒಂದು ಮಾತನ್ನು ಮೊದಲೇ ಹೇಳಿದ್ದರೆ ಇವುಗಳಲ್ಲಿ ಯಾವುದು ಎಂಬ ಆಯ್ಕೆ ಬೇರೆಯಾಗುತ್ತಿತ್ತು ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ.

ಭರ್ತಿಗಾಗಿ ಲೇಸರ್ ಮಾಡಿಸಿಕೊಳ್ಳುವವರಿಗೂ ಇಲ್ಲಿಯೇ ಒಂದು ಮಾತು. ಸೇನೆಯ ಕೆಲವು ಅಧಿಕಾರಿ ಹುದ್ದೆಗಳಿಗೆ, 20 ವರ್ಷ ತುಂಬಿದಮೇಲೆ ಆಪರೇಶನ್ ಆಗಿದ್ದು, ಆಮೇಲೆ 12 ತಿಂಗಳು ಕಳೆದಿದ್ದರೆ, ಉಳಿದ ಷರತ್ತುಗಳಿಗೆ ಒಳಪಟ್ಟು ಅವಕಾಶವಿದೆ. ಬೇರೆ ಕೆಲವು ಭರ್ತಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ತಿದ್ದಿಕೊಂಡ ದೃಷ್ಟಿಯನ್ನು ಒಪ್ಪುವುದೇ ಇಲ್ಲ. ಆಯಾ ವರ್ಷದ ಅಧಿಸೂಚನೆಯನ್ನು ಓದದೆ, ಗೆಳೆಯ ಹೇಳಿದನೆಂದು ಸಾಲ ಮಾಡಿ ಲೇಸರ್ ಮಾಡಿಸಿಕೊಂಡರೆ ಕಣ್ಣೂ ತೆಳುವಾಗುತ್ತದೆ, ನೌಕರಿಯೂ ಸಿಗುವುದಿಲ್ಲ.

ಲೇಸರಿಗೂ ಮೊದಲು ನಮ್ಮ ಭಾಗದಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಒಣ ಹವೆ, ಧೂಳು, ಬಿಸಿಲು ಇರುವಲ್ಲಿ ಮಕ್ಕಳಿಗೆ ಕಣ್ಣಿನ ಅಲರ್ಜಿ ಹೆಚ್ಚು. ತುರಿಕೆ ತಾಳದೆ ಮುಷ್ಟಿಯಿಂದ ಕಣ್ಣು ತಿಕ್ಕುತ್ತಾರೆ. ವರ್ಷಾನುಗಟ್ಟಲೆ ಹೀಗೆ ತಿಕ್ಕಿದ ಕಣ್ಣಿನ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಬರುವ ಸಂಭವ ಜಾಸ್ತಿ. ಅಂಥ ಕಣ್ಣಿಗೆ ಲೇಸಿಕ್ ಮಾಡಲೇಬಾರದು. ರೋಗ ಮುಂದುವರಿಯದಂತೆ ಕಾರ್ನಿಯಾವನ್ನು ಗಟ್ಟಿಗೊಳಿಸುವ ಸಿ.ತ್ರಿ.ಆರ್. ಎಂಬ ಚಿಕಿತ್ಸೆ ಇದೆ. ಅದಾದವರು ಮೇಲ್ಪೊರೆ ಮಾಯ್ದು, ಡಾಕ್ಟರರು ತಪಾಸಣೆ ಮಾಡಿ ಹೇಳಿದಮೇಲೆ, ಸಾಮಾನ್ಯವಾಗಿ ಒಂದು ತಿಂಗಳ ಆಚೆ, ಆಟಕ್ಕೆ ಮರಳಬಹುದು. ಕಣ್ಣು ತಿಕ್ಕುವ ಚಾಳಿ ಮಾತ್ರ ಆಟದಷ್ಟೇ ಅಪಾಯದ್ದು, ಅದನ್ನು ಬಿಡಲೇಬೇಕು.

ಪೊರೆ, ಅಂದರೆ ಜನ ಮೋತಿಬಿಂದು ಎನ್ನುವುದು, ಹರೆಯದವರಿಗೆ ಹೆಚ್ಚಾಗಿ ಪೆಟ್ಟಿನಿಂದ ಬರುವುದು. ಚಿನ್ನಿಕೋಲು, ಚೆಂಡು, ಬಾರಕೋಲಿನ ತುದಿ, ಜೋಳದ ದಂಟು. ಇದರ ಆಪರೇಶನ್ನಿನಲ್ಲಿ ಕೇಳಬೇಕಾದದ್ದು ಸೀಳು ಎಷ್ಟು ದೊಡ್ಡದು ಎಂದು. ಫೇಕೋ ವಿಧಾನದಲ್ಲಿ ಮೂರು ಮಿ.ಮೀ. ಒಳಗಿನ ಸೀಳು, ತಾನೇ ಮುಚ್ಚಿಕೊಳ್ಳುತ್ತದೆ. ಶಿಬಿರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿ.ಮೀ. ಸೀಳು ಇರುತ್ತದೆ, ಅದೂ ಹೊಲಿಗೆಯಿಲ್ಲದೆ ಕೂಡುವಂಥದ್ದು. ಹಳೆಯ ಕಾಲದ ಹತ್ತು ಹನ್ನೆರಡು ಮಿ.ಮೀ. ಸೀಳು ಹೊಲಿಗೆಯದು, ಅದು ಎಂದೂ ಮೊದಲಿನ ಬಲ ಪಡೆಯುವುದಿಲ್ಲ. ಫೇಕೋ ಆದವರಿಗೆ ವಾರ ಎರಡು ವಾರದಲ್ಲಿ ನಡಿಗೆ, ಹಗುರ ಓಟ. ಬಡಿದಾಟದ ಆಟಕ್ಕೆ ನಾಲ್ಕರಿಂದ ಆರು ವಾರ ಕಾಯುವುದು ವಾಡಿಕೆ, ದೊಡ್ಡ ಸೀಳಿಗೆ ಇನ್ನೂ ಹೆಚ್ಚು. ಪೆಟ್ಟಿನಿಂದ ಪೊರೆ ಬಂದ ಕಣ್ಣಿನಲ್ಲಿ ಕಾಳಜಿ ಸೀಳಿನ ಹತ್ತಿರವೇ ನಿಲ್ಲುವುದಿಲ್ಲ. ಅದೇ ಪೆಟ್ಟು ಲೆನ್ಸನ್ನು ಹಿಡಿದ ಎಳೆಗಳನ್ನೂ, ಹಿಂದಿನ ರೆಟಿನಾವನ್ನೂ ಸಡಿಲಿಸಿರಬಹುದು. ಲೆನ್ಸ್ ಕೂಡಿಸಿ ಕಣ್ಣು ಕಂಡಿತೆಂದು ಖುಷಿಯಾಗಿ ಬಿಟ್ಟುಬಿಟ್ಟರೆ ಹಿಂದಿನ ತೊಂದರೆ ಉಳಿದುಬಿಡುತ್ತದೆ. ಆದ್ದರಿಂದ ಪಾಪೆ ಹಿಗ್ಗಿಸಿ ರೆಟಿನಾವನ್ನು ಅಂಚಿನತನಕ ನೋಡಿಸಿಕೊಳ್ಳದೆ ಅಂಕಣಕ್ಕೆ ಕಾಲಿಡಬಾರದು.

ರೆಟಿನಾ ಕಳಚುವುದು ಆಟಗಾರನ ಬಾಳಿನಲ್ಲಿ ಅತ್ಯಂತ ದೊಡ್ಡ ಸಂಗತಿ. ಜಗತ್ತಿನಲ್ಲಿ ಇದರ ಬಗ್ಗೆ ಹೆಚ್ಚು ಚರ್ಚೆ ನಡೆದದ್ದು ಬಾಕ್ಸಿಂಗಿನ ಸುತ್ತ. ಅಮೆರಿಕದ ಬಾಕ್ಸರ್ ಶುಗರ್ ರೇ ಲಿಯೊನಾರ್ಡ್‌ಗೆ 1982ರ ಮೇ ತಿಂಗಳಲ್ಲಿ ಎಡಗಣ್ಣಿನ ರೆಟಿನಾ ಭಾಗಶಃ ಕಳಚಿತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಅದೇ ನವೆಂಬರಿನಲ್ಲಿ ಆತ ನಿವೃತ್ತಿ ಘೋಷಿಸಿದ. 1984ರ ಮೇ ತಿಂಗಳಲ್ಲಿ ಒಂದು ಪಂದ್ಯ ಆಡಿ ಗೆದ್ದು ಮತ್ತೆ ಬಿಟ್ಟ. 1987ರ ಏಪ್ರಿಲ್ 6ರಂದು ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್‌ನನ್ನು ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದ. ಈ ಕತೆಯನ್ನು ಕೇಳಿದ ಯಾವ ಹುಡುಗನಿಗೂ ಧೈರ್ಯ ಬರುತ್ತದೆ. ಅದರ ಪಕ್ಕದಲ್ಲಿ ಮಿಶ್ರ ಮಾರ್ಷಲ್ ಆರ್ಟ್ಸ್ ಹೋರಾಟಗಾರ ಮೈಕಲ್ ಬಿಸ್ಪಿಂಗ್‌ನ ಕತೆಯನ್ನೂ ಹೇಳಲೇಬೇಕು. 2013ರಲ್ಲಿ ಬ್ರೆಜಿಲ್‌ನ ಒಂದು ಪಂದ್ಯದಲ್ಲಿ ತಿಂದ ಒದೆಯಿಂದ ಬಲಗಣ್ಣಿನ ರೆಟಿನಾ ಕಳಚಿತು. ಹಲವು ಆಪರೇಶನ್ನುಗಳಾದವು. ಆತ ಮತ್ತೆ ಪಂಜರದೊಳಗೆ ಇಳಿದು 2016ರಲ್ಲಿ ಯು.ಎಫ್.ಸಿ. ಪಟ್ಟವನ್ನೂ ಗೆದ್ದ. ಆ ಹೊತ್ತಿಗೆ ಆ ಕಣ್ಣಿಗೆ ನೆಟ್ಟಗೆ ಕಾಣುತ್ತಿರಲಿಲ್ಲ, ವೈದ್ಯಕೀಯ ತಪಾಸಣೆಯನ್ನು ಹೇಗೋ ದಾಟಿಕೊಂಡು ಬಂದೆ ಎಂದು ಆತನೇ ಮುಂದೆ ಹೇಳಿಕೊಂಡ. ಇಂದು ಆ ಜಾಗದಲ್ಲಿ ಕೃತಕ ಕಣ್ಣಿದೆ. ಲಿಯೊನಾರ್ಡ್ ಎರಡು ವರ್ಷ ಕಾದ, ಕಣ್ಣನ್ನು ಮತ್ತೆ ಮತ್ತೆ ತೋರಿಸಿಕೊಂಡ, ಇನ್ನೊಂದು ಕಣ್ಣಿನ ದುರ್ಬಲ ಜಾಗವನ್ನೂ ಪಂದ್ಯಕ್ಕೆ ಮೊದಲೇ ಸರಿಪಡಿಸಿಕೊಂಡ. ಗೆಲುವನ್ನಷ್ಟೇ ನೋಡುವವರಿಗೆ ಈ ಕಾಯುವಿಕೆ ಕಾಣುವುದಿಲ್ಲ.

ರೆಟಿನಾ ಆಪರೇಶನ್ನಿನಲ್ಲಿ ಕೆಲವರಿಗೆ ಕಣ್ಣಿನ ಸುತ್ತ ಸಿಲಿಕೋನಿನ ಪಟ್ಟಿ ಹಾಕುತ್ತಾರೆ. ಕೆಲವರಿಗೆ ಒಳಗಿನ ದ್ರವ ತೆಗೆದು ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಗ್ಯಾಸ್ ಕರಗಲು, ಯಾವ ಗ್ಯಾಸ್ ಎಂಬುದರ ಮೇಲೆ, ಎರಡು ವಾರದಿಂದ ಎರಡು ತಿಂಗಳ ತನಕ ಬೇಕು. ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ. ಎಣ್ಣೆಯನ್ನು ಕೆಲವು ತಿಂಗಳ ಮೇಲೆ ಇನ್ನೊಂದು ಆಪರೇಶನ್ ಮಾಡಿ ತೆಗೆಯಬೇಕಾಗುತ್ತದೆ. ಎಣ್ಣೆ ಒಳಗಿದ್ದಾಗ ಬಡಿದಾಟದ ಆಟದ ಮಾತೇ ಇಲ್ಲ. ತೆಗೆದಮೇಲೂ ತಿಂಗಳುಗಟ್ಟಲೆ ಕಾದು, ರೆಟಿನಾ ಕೂತಿದೆಯೆಂದು ಖಾತ್ರಿಯಾದಮೇಲೆ ಓಟ, ಸೈಕಲ್, ವ್ಯಾಯಾಮ. ಕುಸ್ತಿ, ಬಾಕ್ಸಿಂಗ್ ಬೇಡವೆಂದೇ ಹೆಚ್ಚಿನ ತಜ್ಞರ ಸಲಹೆ, ನನಗೂ ಅದೇ ಸರಿ ಅನ್ನಿಸುತ್ತದೆ. ಮೈನಸ್ ನಂಬರು ಬಹಳ ಇರುವವರ ರೆಟಿನಾ ಮೊದಲೇ ತೆಳು. ಲೇಸಿಕ್‌ನಿಂದ ಚಷ್ಮಾ ಹೋದರೂ ಆ ತೆಳು ರೆಟಿನಾ ಹೋಗುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಗುಂಡುಕಲ್ಲು ಎತ್ತುವವರ ವಿಷಯ ಇಲ್ಲಿ ಪ್ರತ್ಯೇಕವಾಗಿ ಬರಬೇಕು. ಕಲ್ಲು ಮೊಣಕಾಲಿನಿಂದ ಎದೆಗೆ ಬರುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿದಿರುತ್ತದೆ, ಕತ್ತಿನ ನರ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ. ಆ ಹೊತ್ತಿಗೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಗಟ್ಟಿ ಕಣ್ಣಿಗೆ ಅದು ಕ್ಷಣದ ಮಾತು. ಹೊಸ ಸೀಳಿರುವ ಕಣ್ಣಿಗೆ, ಕಾಚಬಿಂದುವಿನಿಂದ, ಅಂದರೆ ಗ್ಲಾಕೋಮಾದಿಂದ, ನರ ಸವೆದ ಕಣ್ಣಿಗೆ ಅದು ಸಣ್ಣ ಸಂಗತಿಯಲ್ಲ. ‘ಯಾರೂ ಮುಟ್ಟುವುದಿಲ್ಲವಲ್ಲ, ಕಲ್ಲು ಎತ್ತುವುದಕ್ಕೇನು’ ಎಂಬ ವಾದ ನಮ್ಮಲ್ಲಿ ಬಲವಾಗಿದೆ. ಹೊರಗಿನ ಪೆಟ್ಟಿಲ್ಲದಿದ್ದರೂ ಒಳಗಿನ ಒತ್ತಡ ಕೆಲಸ ಮಾಡುತ್ತದೆ. ಮರಳುವಾಗ ಉಸಿರು ಬಿಡುತ್ತ ಎತ್ತಬಲ್ಲಷ್ಟು ಹಗುರ ತೂಕದಿಂದ ಶುರುಮಾಡಬೇಕು, ಅದೂ ಡಾಕ್ಟರರು ಹೂಂ ಅಂದಮೇಲೆ.

ಕಾಚಬಿಂದುವಿಗೆ ಆಪರೇಶನ್ ಆದವರ ಕಣ್ಣಿನ ಮೇಲ್ಭಾಗದಲ್ಲಿ ರೆಪ್ಪೆಯ ಕೆಳಗೆ ನೀರು ಇಳಿಯುವ ಒಂದು ಸಣ್ಣ ಗುಳ್ಳೆ ಇರುತ್ತದೆ. ಅದು ಒಡೆದರೆ, ಅದಕ್ಕೆ ಸೋಂಕು ತಗುಲಿದರೆ ಕಣ್ಣು ಹೋಗಬಹುದು. ಕೆರೆ ಬಾವಿಯ ಈಜು, ಮಣ್ಣಿನ ಆಟ ಎರಡರಲ್ಲೂ ಎಚ್ಚರ ಬೇಕು. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಡಚ್ ಫುಟ್ಬಾಲ್ ಆಟಗಾರ ಎಡ್ಗರ್ ಡೇವಿಡ್ಸ್ 1999ರಲ್ಲಿ ಗ್ಲಾಕೋಮಾದ ಆಪರೇಶನ್ ಆದಮೇಲೆ ರಕ್ಷಣಾ ಗಾಗಲ್ ಹಾಕಿಕೊಂಡು ವರ್ಷಗಟ್ಟಲೆ ಉನ್ನತ ಮಟ್ಟದಲ್ಲಿ ಆಡಿದ. ಮೆಳ್ಳಗಣ್ಣಿನ ಆಪರೇಶನ್ ಆದ ಮಕ್ಕಳಿಗೆ ಇಷ್ಟೆಲ್ಲ ಚಿಂತೆಯಿಲ್ಲ, ಕೆಲವು ವಾರ ಧೂಳು, ಈಜು, ಬಡಿದಾಟ ತಪ್ಪಿಸಿದರೆ ಸಾಕು.

ಕಾರ್ನಿಯಾ ಕಸಿಯ ವಿಷಯದಲ್ಲಿ ಮಾತ್ರ ನಾನು ಹಿಂಜರಿಯದೆ ಹೇಳುತ್ತೇನೆ. ಜೋಳ ಕೊಯ್ಯುವಾಗ ಗರಿಯ ಅಂಚು ತಾಗಿ, ಶಿಲೀಂಧ್ರದ ಹುಣ್ಣಾಗಿ, ಕೊನೆಗೆ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಉಳಿದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅಂಥವರಿಗೆ ದಾನಿಯ ಕಾರ್ನಿಯಾ ಸಿಕ್ಕು ಪೂರ್ತಿ ದಪ್ಪದ ಕಸಿಯಾದರೆ, ಹೊಲಿಗೆಯ ಆ ಉಂಗುರ ಜೀವಮಾನವಿಡೀ ದುರ್ಬಲವೇ. ದಶಕಗಳ ನಂತರವೂ ಒಂದು ಗುದ್ದಿಗೆ ಅದು ಬಿರಿದು ಕಣ್ಣೊಳಗಿನದು ಹೊರಬಂದ ಉದಾಹರಣೆಗಳಿವೆ. ಇಂಥವರು ಕುಸ್ತಿ, ಕಬಡ್ಡಿ, ಬಾಕ್ಸಿಂಗ್ ಬಿಡಬೇಕು. ಬಿಡು ಎನ್ನುವಾಗ ಬೇರೆ ದಾರಿಯನ್ನೂ ತೋರಿಸಬೇಕು: ಓಟ, ಉದ್ದ ಜಿಗಿತ, ಚಷ್ಮಾ ಹಾಕಿ ಸೈಕಲ್, ಹುಡುಗರಿಗೆ ಕಲಿಸುವ ಕೆಲಸ. ಒಳಪದರವನ್ನಷ್ಟೇ ಬದಲಿಸುವ ಹೊಸ ಕಸಿಗಳಲ್ಲಿ ಕಣ್ಣು ಇದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಗಾಯ ಮಾಯ್ದರೂ ನೋಟ ಹೊಂದಿಕೊಳ್ಳಲು ಸಮಯ ಬೇಕು. ಎರಡು ಕಣ್ಣುಗಳ ನೋಟ ಕೂಡಿದಾಗ ದೂರ ಸಮೀಪದ ಅಂದಾಜು ಸಿಗುವುದು. ಒಂದು ಕಣ್ಣಿನ ನೋಟ ಕುಂದಿದಾಗ ಕಬಡ್ಡಿಯಲ್ಲಿ ರೇಡರನ ಕೈ ಎಷ್ಟು ಹತ್ತಿರ ಬಂತು, ಚೆಂಡು ಎಲ್ಲಿ ಪುಟಿಯಿತು ಎಂಬ ಲೆಕ್ಕ ತಪ್ಪುತ್ತದೆ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಜುಲೈ 1ರಂದು ಇಂಗ್ಲೆಂಡಿನ ಹೋವ್‌ನಲ್ಲಿ ಕಾರು ಅಪಘಾತದಲ್ಲಿ ಗಾಜಿನ ಚೂರು ಹೊಕ್ಕು ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಟೆಸ್ಟ್ ಆಡಿದರು, ಮರುವರ್ಷ 21ನೇ ವಯಸ್ಸಿಗೆ ನಾಯಕರಾದರು.  ಪಟೌಡಿಯವರ ಸಾಧನೆ ಅಸಾಮಾನ್ಯ. ಅಸಾಮಾನ್ಯರಿಗೆ ಸಾಧ್ಯವಾದದ್ದನ್ನು ಎಲ್ಲರ ನಿಯಮ ಮಾಡಬಾರದು ಎಂಬುದಕ್ಕೆ ಸಬಾ ಕರೀಮ್ ಅವರ ಉದಾಹರಣೆ ಇದೆ. 2000ದ ಮೇ ತಿಂಗಳಲ್ಲಿ ಢಾಕಾದ ಏಷ್ಯಾ ಕಪ್‌ನಲ್ಲಿ ಅನಿಲ್ ಕುಂಬ್ಳೆಯವರ ಎಸೆತಕ್ಕೆ ವಿಕೆಟ್ ಕೀಪಿಂಗ್ ಮಾಡುವಾಗ ಚೆಂಡು ಬಲಗಣ್ಣಿಗೆ ಬಡಿಯಿತು. ಆಪರೇಶನ್ ಆಯಿತು. ಅದೇ ನವೆಂಬರಿನಲ್ಲಿ ಢಾಕಾದಲ್ಲೇ ಒಂದು ಟೆಸ್ಟ್ ಆಡಿದರು. ಅದೇ ಅವರ ಏಕೈಕ ಟೆಸ್ಟ್. ದಕ್ಷಿಣ ಆಫ್ರಿಕಾದ ವಿಕೆಟ್ ಕೀಪರ್ ಮಾರ್ಕ್ ಬೌಚರ್‌ಗೆ 2012ರ ಜುಲೈನಲ್ಲಿ ಟಾಂಟನ್‌ನಲ್ಲಿ ಬೇಲ್ ಸಿಡಿದು ಎಡಗಣ್ಣು ಸೀಳಿತು. ಆಗ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. 999 ಅಂತರರಾಷ್ಟ್ರೀಯ ಬಲಿಗಳ ಆ ಆಟಗಾರ ಮತ್ತೆ ಆಡಲಿಲ್ಲ.

ಇನ್ನು ಆಟಗಳ ಕಡೆಯಿಂದ ನೋಡೋಣ. ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಸ್ಥೆಗಳು ಕಣ್ಣಿನ ಅಪಾಯದ ಪ್ರಕಾರ ಆಟಗಳನ್ನು ವಿಂಗಡಿಸಿದಾಗ ಕುಸ್ತಿಯನ್ನು ಕಡಿಮೆ ಅಪಾಯದ ಸಾಲಿಗೆ ಹಾಕಿದವು. ಬಾಕ್ಸಿಂಗ್ ಮತ್ತು ಪೂರ್ಣ ಹೊಡೆದಾಟದ ಮಾರ್ಷಲ್ ಆರ್ಟ್ಸ್ ಅತ್ಯಂತ ಮೇಲಿನ ಸಾಲಿನಲ್ಲಿವೆ. ಆದರೆ ಅವರು ಹೇಳಿದ ಕುಸ್ತಿ ಮ್ಯಾಟಿನ ಮೇಲಿನದು, ಆಡುವವರ ಕಣ್ಣು ಗಟ್ಟಿಯಾದದ್ದು. ನಮ್ಮ ಅಖಾಡದ್ದು ಕೆಮ್ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಹದ ಮಾಡುತ್ತಾರೆ, ಇಂಡಿಯ ಲಿಂಬೆ ಇರುವಾಗ ಲಿಂಬೆಗೇನು ಕೊರತೆ. ಕುಸ್ತಿ ಬೀಳುವ ಮೊದಲು ಇಬ್ಬರೂ ಹಿಡಿಮಣ್ಣು ತೆಗೆದು ಒಬ್ಬರ ಮೈಗೊಬ್ಬರು ಎರಚಿಕೊಳ್ಳುತ್ತಾರೆ, ಬೆವರಿಗೆ ಕೈ ಜಾರಬಾರದೆಂದು. ಆಮೇಲೆ ಹಣೆಗೆ ಹಣೆ, ಕತ್ತಿನ ಹಿಂದೆ ಕೈ. ಎದುರಾಳಿಯ ಮುಂಗೈ ಕಣ್ಣಿನ ಕುಳಿಯನ್ನು ಉಜ್ಜಿಕೊಂಡೇ ಹೋಗುತ್ತದೆ. ಕೆಳಗೆ ಬಿದ್ದವನ ಮುಖ ಮಣ್ಣಿನಲ್ಲಿ ಒತ್ತಿರುತ್ತದೆ. ಆ ಮಣ್ಣು ಮೈಗೆ ಔಷಧಿ ಎಂದು ಪೈಲ್ವಾನರು ನಂಬುತ್ತಾರೆ, ಆ ಭಾವಕ್ಕೆ ನನ್ನ ಗೌರವವಿದೆ. ಹೊಸದಾಗಿ ಕೊಯ್ದ ಕಣ್ಣಿಗೆ ಮಾತ್ರ ಅದು ಸೋಂಕಿನ ದಾರಿ. ಮರಳುವ ಪೈಲ್ವಾನ ಮೊದಲು ಓಟ, ಬಸ್ಕಿ, ಆಮೇಲೆ ಸಾಮು, ಆಮೇಲೆ ಮ್ಯಾಟಿನ ಮೇಲೆ ಗೊತ್ತಿರುವ ಜೊತೆಗಾರನ ಸಂಗಡ ಪಟ್ಟು, ಕೊನೆಗೆ ಮಣ್ಣು ಎಂಬ ಕ್ರಮ ಹಿಡಿದರೆ ಒಳ್ಳೆಯದು. ಕುಸ್ತಿ ಕಲಿಸುವ ವಸ್ತಾದಿಗೆ ಆಪರೇಶನ್ನಿನ ವಿಷಯ ಮುಚ್ಚಿಡಬಾರದು. ಎಳೆಯರನ್ನು ಜೋಡಿ ಹಾಕುವವನು ಆತನೇ.

ಕಬಡ್ಡಿಯಲ್ಲಿ ಬೆರಳಿನದೇ ಭಯ. ಆಟಗಾರರ ಉಗುರು ಒತ್ತಿ ಕತ್ತರಿಸಿರಬೇಕು, ಮೈಮೇಲೆ ಒಡವೆ ಇರಬಾರದು, ಎಣ್ಣೆ ಹಚ್ಚಿರಬಾರದು ಎಂದು ಕಬಡ್ಡಿಯ ನಿಯಮದಲ್ಲೇ ಇದೆ. ಊರಿನ ಟೂರ್ನಮೆಂಟುಗಳಲ್ಲಿ ಪಂಚರು ಒಡವೆ ನೋಡುತ್ತಾರೆ, ಉಗುರು ನೋಡುವುದು ಕಡಿಮೆ. ಪಂದ್ಯಕ್ಕೆ ಮೊದಲು ಹದಿನಾಲ್ಕು ಜನರ ಕೈ ತಿರುಗಿಸಿ ನೋಡಲು ಎರಡು ನಿಮಿಷ ಸಾಕು. ಲೇಸಿಕ್ ಆದವನ ಕಣ್ಣನ್ನು ಆ ಎರಡು ನಿಮಿಷ ಉಳಿಸಬಹುದು. ಕಾಲು ಹಿಡಿಯಲು ತಲೆ ತಗ್ಗಿಸಿ ನುಗ್ಗುವ ಜಾಗಕ್ಕಿಂತ, ಕೈ ಕೈ ಹಿಡಿದು ನಿಲ್ಲುವ ಚೈನಿನಲ್ಲಿ ಒಳಗಿನ ಜಾಗ ಮರಳಿದ ಹೊಸತರಲ್ಲಿ ಸುರಕ್ಷಿತ. ಖೋ ಖೋದಲ್ಲಿ ಕಂಬಕ್ಕೆ ಹಾರುವುದನ್ನು ಕೊನೆಗೆ ಶುರುಮಾಡಬೇಕು. ಸೈಕಲ್ಲಿನವರಿಗೆ ಎದುರುಗಾಳಿಯ ಧೂಳು, ಹುಳ ತಡೆಯಲು ಮುಚ್ಚಿದ ಚಷ್ಮಾ, ಗುಂಪಿನಲ್ಲಿ ಬೀಳುವ ಅಪಾಯ ಇರುವ ರೇಸಿಗೆ ಎಲ್ಲಕ್ಕಿಂತ ಕೊನೆಯ ಸರದಿ.

ರಕ್ಷಣಾ ಚಷ್ಮಾದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಬಜಾರದಲ್ಲಿ ಸಿಗುವ ಬಣ್ಣದ ಗ್ಲಾಸು ಒಡೆದರೆ ಅದೇ ಕಣ್ಣಿಗೆ ಚೂರಿ. ಬೇಕಾದದ್ದು ಸುಮಾರು 3 ಮಿ.ಮೀ. ದಪ್ಪದ ಪಾಲಿಕಾರ್ಬನೇಟ್ ಲೆನ್ಸು, ಹಿಂಜು ಇಲ್ಲದ ಗಟ್ಟಿ ಫ್ರೇಮು, ತಲೆಯ ಹಿಂದಿನಿಂದ ಪಟ್ಟಿ. ಕ್ರಿಕೆಟ್, ಬ್ಯಾಡ್ಮಿಂಟನ್, ಫುಟ್ಬಾಲಿಗೆ ಇದು ನಡೆಯುತ್ತದೆ. ಕುಸ್ತಿಗೆ ನಡೆಯುವುದಿಲ್ಲ, ಎದುರಾಳಿಗೇ ಗಾಯವಾದೀತು. ಚೆನ್ನಾಗಿ ಕಾಣುವುದು ಒಂದೇ ಕಣ್ಣು, ಇನ್ನೊಂದಕ್ಕೆ ಚಷ್ಮಾ ಹಾಕಿದರೂ 6/12 ಕಾಣದು ಎಂದಾದರೆ ಅಂಥವರನ್ನು ವೈದ್ಯರು ಒಂಟಿಗಣ್ಣಿನವರೆಂದೇ ಎಣಿಸುತ್ತಾರೆ. ಅವರು ಬಾಕ್ಸಿಂಗ್, ಕರಾಟೆಯ ಪೂರ್ಣ ಹೊಡೆದಾಟಕ್ಕೆ ಇಳಿಯಬಾರದು. ಚೆಂಡಿನ ಆಟಗಳನ್ನು ರಕ್ಷಣಾ ಚಷ್ಮಾ ಇಲ್ಲದೆ ಆಡಬಾರದು. ಉಳಿದ ಒಂದು ಕಣ್ಣಿನ ಮೇಲೆ ಇಡೀ ಬಾಳು ನಿಂತಿರುತ್ತದೆ.

ಇಷ್ಟೆಲ್ಲ ತಿಳಿದರೂ ನಮ್ಮ ತಾಲೂಕುಗಳಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ರೆಟಿನಾ, ಕಾರ್ನಿಯಾದ ಚಿಕಿತ್ಸೆಗೆ ವಿಜಯಪುರ, ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರಿಗೇ ಹೋಗಬೇಕು. ವಿಜಯಪುರವೇ ಈ ಊರುಗಳಿಂದ 40ರಿಂದ 80 ಕಿ.ಮೀ. ದೂರ. ಮೊದಲ ತಪಾಸಣೆಗೆ ಬಂದವರು ಮೂರನೆಯದಕ್ಕೆ ಬರುವುದಿಲ್ಲ: ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು. ಹೀಗೆ ತಪ್ಪಿಸಿಕೊಂಡ ತಪಾಸಣೆಯಲ್ಲೇ ಆಟಕ್ಕೆ ಅನುಮತಿಯ ಮಾತು ಬರಬೇಕಾಗಿತ್ತು. ಇದರ ಜೊತೆ ಇನ್ನೊಂದು ಕೆಟ್ಟ ರೂಢಿ. ಮೊದಲು ಬರೆದುಕೊಟ್ಟ ಹನಿ ಔಷಧಿಯ ಖಾಲಿ ಬಾಟಲಿ ಹಿಡಿದು ಮೆಡಿಕಲ್ ಅಂಗಡಿಗೆ ಹೋಗಿ ಅದೇ ಕೊಡಿ ಎನ್ನುವುದು. ಅದು ಸ್ಟೀರಾಯ್ಡ್ ಹನಿಯಾಗಿದ್ದರೆ, ತಿಂಗಳುಗಟ್ಟಲೆ ಹಾಕಿದರೆ, ಕಣ್ಣಿನ ಒತ್ತಡ ಏರಿ ಕಾಚಬಿಂದು ಬರಬಹುದು, ಪೊರೆಯೂ ಬರಬಹುದು. ಕಣ್ಣು ತಣ್ಣಗಾಗಿದೆ ಎಂದುಕೊಂಡಿರುವಾಗಲೇ ಒಳಗೆ ನರ ಸವೆಯುತ್ತಿರುತ್ತದೆ, ನೋವೇ ಇರುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸಾಲು ಹೆಚ್ಚು ಬರೆಯುವುದು ಯಾವ ಆಸ್ಪತ್ರೆಗೂ ಭಾರವಲ್ಲ: ಮಾಡಿದ ಆಪರೇಶನ್ ಯಾವ ವಿಧಾನದ್ದು, ಈ ವ್ಯಕ್ತಿ ಆಡುವ ಆಟ ಯಾವುದು, ಯಾವ ತಾರೀಖಿನ ತಪಾಸಣೆಯ ನಂತರ ಅದಕ್ಕೆ ಮರಳಬಹುದು, ಅಥವಾ ಮರಳಲೇಬಾರದು. ಕನ್ನಡದಲ್ಲಿ ಬರೆದರೆ ದೈಹಿಕ ಶಿಕ್ಷಕರಿಗೂ ವಸ್ತಾದಿಗೂ ಅದನ್ನು ತೋರಿಸಬಹುದು. ಕುಸ್ತಿ ಕಮಿಟಿಯವರು ಹೆಸರು ಬರೆದುಕೊಳ್ಳುವಾಗ ತೂಕ ಕೇಳುವ ಹಾಗೆ ಕಣ್ಣಿನ ಆಪರೇಶನ್ ಆಗಿದೆಯೇ ಎಂದೂ ಕೇಳಬೇಕು. ಇನಾಮಿನ ಆಸೆಗೆ ಹುಡುಗ ಸುಳ್ಳು ಹೇಳಬಹುದು, ನಿಜ. ಕೇಳುವವರೇ ಇಲ್ಲದಿದ್ದರೆ ಸುಳ್ಳು ಹೇಳುವ ಸಂಕೋಚವೂ ಅವನಿಗೆ ಬರುವುದಿಲ್ಲ.

ಮರಳಿದಮೇಲೆ ನಿರ್ಲಕ್ಷಿಸಬಾರದ ಲಕ್ಷಣಗಳಿವೆ. ಕತ್ತಲಲ್ಲಿ ಕಣ್ಣಂಚಿಗೆ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳು ಏಕಾಏಕಿ ಹೆಚ್ಚಾಗಿ ತೇಲುವುದು, ಒಂದು ಬದಿಯಿಂದ ನೆರಳು ಪರದೆಯಂತೆ ಬರುವುದು, ಪೆಟ್ಟಿನ ನಂತರ ನೋಟ ಮಸುಕಾಗುವುದು, ಒಂದರ ಜಾಗದಲ್ಲಿ ಎರಡು ಕಾಣುವುದು. ಪೆಟ್ಟು ಬಿದ್ದ ಕಣ್ಣನ್ನು ಒತ್ತಬಾರದು, ತಿಕ್ಕಬಾರದು. ಅದಕ್ಕೆ ಎದೆಹಾಲು, ಜೇನು, ಹರಳೆಣ್ಣೆ ಹಾಕಬಾರದು. ಒತ್ತಡ ಬೀಳದಂತೆ ಮೇಲಿಂದ ಒಂದು ಗಟ್ಟಿ ಮುಚ್ಚಳ, ಕಾಗದದ ಕಪ್ಪಿನ ತಳವಾದರೂ ಸರಿ, ಅಂಟಿಸಿ ಹೊರಡಬೇಕು. ರೆಟಿನಾ ಕಳಚುವಿಕೆಯ ಆ ನೆರಳು ಇನ್ನೂ ಕಣ್ಣಿನ ನಡುಭಾಗಕ್ಕೆ ಬಂದಿಲ್ಲದಿದ್ದರೆ, ಒಂದೆರಡು ದಿನದೊಳಗೆ ಆಪರೇಶನ್ ಆದರೆ ಓದುವ, ಮುಖ ಗುರುತಿಸುವ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ನಡುಭಾಗವೂ ಕಳಚಿದಮೇಲೆ ಹೋದರೆ ರೆಟಿನಾ ಕೂಡಿಸಬಹುದು, ಮೊದಲಿನ ನೋಟ ಮರಳುವುದು ಕಷ್ಟ. ಆದ್ದರಿಂದ ಮುದ್ದೇಬಿಹಾಳದ ಹುಡುಗನಿಗೆ ರಾತ್ರಿ ಸೆಮಿಫೈನಲ್ ಮುಗಿದಮೇಲೆ ಆ ನೆರಳು ಕಂಡರೆ, ನಾಳಿನ ಫೈನಲ್ ಆಡಿಯೇ ಹೋಗುತ್ತೇನೆ ಎನ್ನುವ ಹಾಗಿಲ್ಲ. ತಂಡದವರು ಅವನನ್ನು ಆ ರಾತ್ರಿಯೇ ಗಾಡಿ ಮಾಡಿ ಕಳಿಸಬೇಕು, ಅದಾಗದಿದ್ದರೆ ಬೆಳಗಿನ ಮೊದಲ ಬಸ್ಸಿಗೆ, ಏನೂ ತಿನ್ನಿಸದೆ, ಹಳೆಯ ಚೀಟಿಗಳನ್ನೆಲ್ಲ ಕೈಗೆ ಕೊಟ್ಟು.